ಮುಳ್ಳಿನ ಹಾದಿಗೆ ತಕ್ಕ ಟೈರು

ಸೈಕಲ್ಲನ್ನು ಕೊಳ್ಳಹೊರಟವನು ಅದರ ಬಣ್ಣವನ್ನೂ ಬೆಲೆಯನ್ನೂ ಬ್ರೇಕಿನ ಬಿಗಿಯನ್ನೂ ಸಾವಧಾನವಾಗಿ ಪರೀಕ್ಷಿಸುವನಾದರೂ, ಭಾರವನ್ನೆಲ್ಲ ಹೊತ್ತು ನೆಲವನ್ನು ಮುಟ್ಟುವ ಟೈರು ಎಂತಹುದೆಂದು ವಿಚಾರಿಸುವುದು ವಿರಳ. ಈ ಉದಾಸೀನವು ಸ್ವಂತ ಹಣದಿಂದ ಕೊಂಡವನದಾದರೆ ಅದರ ಫಲವನ್ನು ಅವನೇ ಉಣ್ಣುವನೆಂದು ಸುಮ್ಮನಿರಬಹುದು. ಆದರೆ 2006ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಹಂಚಲು ತೊಡಗಿದ ನಮ್ಮ ಸರ್ಕಾರದಂತಹ ಮಹಾಗ್ರಾಹಕನಿಗೂ ಅದು ಅಂಟಿದರೆ, ವಿಷಯವು ಸಾರ್ವಜನಿಕ ವಿಮರ್ಶೆಗೆ ಅರ್ಹವಾಗುತ್ತದೆ.

ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರುಗಾಲಿಯ ಬಂಡಿಗಾಗಿ ರಚಿಸಿ 1888ರಲ್ಲಿ ಪೇಟೆಂಟ್ ಪಡೆದ ಗಾಳಿತುಂಬಿದ ಟೈರು, ಸವಾರಿಗೆ ಸುಖವನ್ನೂ ವೇಗವನ್ನೂ ತಂದುದರೊಡನೆ ಪಂಕ್ಚರೆಂಬ ಉಪದ್ರವವನ್ನೂ ತಂದಿತು. ನಮ್ಮ ಬಯಲುಸೀಮೆಯಲ್ಲಂತೂ ಕೆರೆಯಂಗಳ, ರಸ್ತೆಯಂಚುಗಳನ್ನೆಲ್ಲ ಆಕ್ರಮಿಸಿರುವ ಬಳ್ಳಾರಿ ಜಾಲಿಯ ನೀಳವಾದ ಮುಳ್ಳೂ, ಹೇಗೆ ಬಿದ್ದರೂ ಒಂದು ಮೊನೆಯನ್ನು ಮೇಲ್ಮುಖವಾಗಿಯೇ ನಿಲ್ಲಿಸುವ ನೆಗ್ಗಿಲ ಕಾಯಿಯೂ ಸೇರಿ, ಶಾಲೆಯ ಕಾಲುದಾರಿಯನ್ನು ಟ್ಯೂಬಿನ ಪರೀಕ್ಷಾಭೂಮಿಯನ್ನಾಗಿ ಮಾಡಿವೆ. ನಗರದಲ್ಲಿ ಗಾಜಿನ ಚೂರು, ಮೊಳೆ, ಸವೆದ ಲಾರಿ ಟೈರಿನಿಂದ ಉದುರಿದ ಉಕ್ಕಿನ ಸಣ್ಣ ತಂತಿ ಇವುಗಳ ಕಾಟ.

ಹೀಗೆ ಶತ್ರುವು ಸ್ಥಳಕ್ಕೊಂದು ರೂಪದಲ್ಲಿರುವುದರಿಂದ ರಕ್ಷಣೆಯೂ ಒಂದೇ ಬಗೆಯದಾಗಲಾರದು. 1965ರಲ್ಲಿ ಅಮೆರಿಕದ ಡುಪಾಂಟ್ ಸಂಸ್ಥೆಯ ರಸಾಯನಶಾಸ್ತ್ರಜ್ಞೆ ಸ್ಟೆಫನಿ ಕ್ವೋಲೆಕ್ ಅವರ ಸಂಶೋಧನೆಯಿಂದ ಲಭಿಸಿದ ಕೆವ್ಲಾರ್ ನೂಲಿನ ಪಟ್ಟಿಯನ್ನು ರಬ್ಬರಿನ ಅಡಿಯಲ್ಲಿ ಹಾಸಿದ ಟೈರು ಗಾಜಿನ ಅಲಗನ್ನು ಚೆನ್ನಾಗಿ ತಡೆಯುವುದಾದರೂ, ಸೂಜಿಮೊನೆಯ ಮುಳ್ಳು ನೆಯ್ಗೆಯ ಎಳೆಗಳ ನಡುವೆ ನುಸುಳಬಲ್ಲುದು. ಮುಳ್ಳಿನ ಉದ್ದಕ್ಕೆ ಉತ್ತರವೆಂದರೆ ದಪ್ಪವೇ: ಜರ್ಮನಿಯ ಷ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್ ಟೈರಿನಲ್ಲಿ 5 ಮಿಲಿಮೀಟರ್ ದಪ್ಪದ ರಬ್ಬರಿನ ಒಳಪದರವಿರುವುದು ಇದೇ ಕಾರಣದಿಂದ. ಅಂತಹ ಟೈರು ತೂಕದಲ್ಲಿ ಹೆಚ್ಚು, ತುಳಿತಕ್ಕೆ ತುಸು ಭಾರ, ರಿಮ್ಮಿಗೆ ಕೂರಿಸುವುದೂ ಪ್ರಯಾಸಕರ. ಟ್ಯೂಬಿನೊಳಗೆ ಹಾಕುವ ಸೀಲೆಂಟ್ ದ್ರವವು ಮುಳ್ಳಿನ ಸಣ್ಣ ರಂಧ್ರಗಳನ್ನು ತಾನೇ ಮುಚ್ಚುತ್ತದೆಯಾದರೂ ಕಾಲಕ್ರಮದಲ್ಲಿ ಒಣಗುವುದರಿಂದ ಮತ್ತೆ ತುಂಬಬೇಕಾಗುತ್ತದೆ. ಗಾಳಿಯೇ ಇಲ್ಲದ ಗಟ್ಟಿ ಟೈರಿಗೆ ಪಂಕ್ಚರಿನ ಭಯವಿಲ್ಲ. ಆದರೆ ಹಾದಿಯ ಪ್ರತಿಯೊಂದು ಕಲ್ಲಿನ ಕುಲುಕನ್ನೂ ಸವಾರನ ಬೆನ್ನೆಲುಬು ಸಹಿಸಬೇಕು.

ಸ್ಪರ್ಧೆಗಾಗಿ ಓಡಿಸುವವನು ಹಗುರವಾದ ಟೈರನ್ನು ಆರಿಸಿ ಅಪಾಯವನ್ನು ಒಪ್ಪಿಕೊಳ್ಳಲಿ; ಪುಸ್ತಕದ ಚೀಲದೊಡನೆ ಪಂಕ್ಚರ್ ಅಂಗಡಿಯೇ ಇಲ್ಲದ ಊರುಗಳನ್ನು ಹಾಯ್ದು ಹೋಗುವ ಬಾಲಿಕೆಗೆ ವೇಗಕ್ಕಿಂತ ನಿಶ್ಚಿಂತೆಯೇ ಮುಖ್ಯ. ಯಾವ ಟೈರಾದರೂ ಗಾಳಿ ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಅಕ್ಕಪಕ್ಕದಲ್ಲಿ ಎರಡು ಸೀಳು ಬೀಳುವುದನ್ನು ಯಾವ ಪದರವೂ ತಪ್ಪಿಸದು. ಒಳಗೆ ಉಳಿದ ಮುಳ್ಳಿನ ತುದಿಯನ್ನು ಬೆರಳಾಡಿಸಿ ತೆಗೆಯದೆ ಪ್ಯಾಚು ಹಾಕಿದರೆ ಅದೇ ಮುಳ್ಳು ಮತ್ತೊಮ್ಮೆ ಚುಚ್ಚುವುದು.

ದಪ್ಪ ಟೈರಿನಿಂದ ಬೊಕ್ಕಸದ ಹೊರೆ ಹೆಚ್ಚುವುದೆಂಬ ಆಕ್ಷೇಪಣೆ ಅಲಕ್ಷ್ಯಯೋಗ್ಯವಲ್ಲ. ಆದರೆ ಒಂದು ಪಂಕ್ಚರ್ ಕೂಲಿಕಾರನ ಮನೆಯಲ್ಲಿ ಪ್ಯಾಚಿನ ಹಣವನ್ನು ಮಾತ್ರವಲ್ಲದೆ ಶಾಲೆಯ ಒಂದು ದಿನವನ್ನೂ ಕಸಿಯಬಲ್ಲುದಾದುದರಿಂದ, ಮೊದಲ ಬೆಲೆಯೊಂದನ್ನೇ ಎಣಿಸುವ ಲೆಕ್ಕವು ಅಪೂರ್ಣವೆನ್ನದೆ ವಿಧಿಯಿಲ್ಲ. ಸೈಕಲ್ಲನ್ನು ಕೊಟ್ಟು ಟೈರಿನಲ್ಲಿ ಲೋಭಪಡುವುದು ಆನೆಯನ್ನು ದಾನಮಾಡಿ ಅಂಕುಶಕ್ಕೆ ಹಿಂಜರಿದಂತೆ. ಆದಕಾರಣ, ಇನ್ನು ಮುಂದೆ ಮಕ್ಕಳಿಗೆ ಸೈಕಲ್ ಕೊಡುವಾಗಲೆಲ್ಲ, ಜಾಲಿ ಬೆಳೆದ ತಾಲ್ಲೂಕುಗಳಿಗೆ ಮುಳ್ಳು ತಡೆಯುವ ಪದರವುಳ್ಳ ಟೈರೇ ಬೇಕೆಂದು ಟೆಂಡರಿನ ಷರತ್ತಿನಲ್ಲಿ ಸ್ಪಷ್ಟವಾಗಿ ಬರೆಯಲಿ. ಪ್ರತಿ ಶಾಲೆಗೂ ಒಂದು ಪಂಪನ್ನೂ ಪಂಕ್ಚರ್ ಸಾಮಾನಿನ ಪೆಟ್ಟಿಗೆಯನ್ನೂ ಒದಗಿಸಿ, ಅದರ ಬಳಕೆಯನ್ನು ಮಕ್ಕಳಿಗೆ ಕಲಿಸಲಿ.