'ಅಲ್ಲಿ ಏನೂ ಇಲ್ಲ' ಎನ್ನುವ ಸುಳ್ಳು

ಪ್ರವಾಸ ಕಥನಗಳಲ್ಲಿ ನನಗೆ ಸಿಟ್ಟು ಬರಿಸುವ ಮಾತೊಂದಿದೆ: ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ಒಂದು ರಾತ್ರಿ ತಂಗಿ ಹೊರಟೆವು. ಉತ್ತರ ಆಸ್ಟ್ರೇಲಿಯಾವನ್ನು ಮಕ್ಕಳುಮರಿಯೊಂದಿಗೆ ಕ್ಯಾರವಾನ್‌ನಲ್ಲಿ ಸುತ್ತುವವರ ಬರಹಗಳಿಗೆ ಈ ಮಾತು ಅಂಟುಜಾಡ್ಯ.

ನಾರ್ಮಂಟನ್ ಊರನ್ನೇ ನೋಡಿ. ಕ್ವೀನ್ಸ್‌ಲ್ಯಾಂಡಿನ ವಾಯವ್ಯದಲ್ಲಿ, ಕಾರ್ಪೆಂಟೇರಿಯಾ ಕೊಲ್ಲಿಗೆ ಹತ್ತಿರ, ನಾರ್ಮನ್ ನದಿಯ ದಂಡೆಯಲ್ಲಿದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಕ್ಯಾರವಾನ್‌ಗಳು ಸಾಲುಗಟ್ಟಿ ಬರುತ್ತವೆ. ಡೀಸೆಲ್ ತುಂಬಿಸುವುದು, ನೀರು ಹಿಡಿಯುವುದು, 1957ರಲ್ಲಿ ಇದೇ ನದಿಯಲ್ಲಿ ಕೊಂದ ಮೊಸಳೆಯದೆಂದು ನಿಲ್ಲಿಸಿರುವ 8.6 ಮೀಟರ್ ಪ್ರತಿಕೃತಿಯ ಬಾಯಲ್ಲಿ ಮಕ್ಕಳನ್ನು ಕೂರಿಸಿ ಫೋಟೋ ತೆಗೆಯುವುದು, ಬೆಳಗಾದರೆ ಸೂರ್ಯಾಸ್ತ ನೋಡಲು ಕರುಂಬಾಕ್ಕೆ ಹೊರಡುವುದು. ಇಷ್ಟೇ ಊರು!

ಊರಿನ ಅರ್ಧಕ್ಕೂ ಹೆಚ್ಚು ಜನ ಮೂಲನಿವಾಸಿಗಳು. ಗ್ಕುಥಾರ್ನ್, ಕುಕಾಟ್ಜ್, ಕುರ್ಟಿಜಾರ್ ಜನರ ನೆಲವಿದು. ಕಥನದಲ್ಲಿ ಮೊಸಳೆಗೆ ಸಿಕ್ಕ ಜಾಗ ಇವರಿಗೆ ಸಿಗುವುದಿಲ್ಲ.

ಈ ಕುರುಡು ಹೊಸದಲ್ಲ. 1861ರಲ್ಲಿ ಬರ್ಕ್ ಮತ್ತು ವಿಲ್ಸ್ ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಿ ಈ ಊರಿನ ಸಮೀಪದವರೆಗೆ ಬಂದರು. ಹಿಂತಿರುಗುವಾಗ ಕೂಪರ್ ಕ್ರೀಕ್ ಬಳಿ ಹಸಿವಿನಿಂದ ಸತ್ತರು. ಜೊತೆಗಿದ್ದ ಜಾನ್ ಕಿಂಗ್ ಮಾತ್ರ ಬದುಕಿದ. ಅವನಿಗೆ ಉಣ್ಣಲು ಕೊಟ್ಟು ಕಾಪಾಡಿದವರು ಯಾಂಡ್ರುವಾಂಢ ಜನ. ಬರ್ಕ್‌ಗೆ ಏನೂ ಇಲ್ಲವೆನಿಸಿದ ಕಡೆ ಅವರು ತಲೆಮಾರುಗಳಿಂದ ಸಂಸಾರ ಮಾಡಿಕೊಂಡಿದ್ದರು. ಸ್ಮಾರಕ ಸಿಕ್ಕಿದ್ದು ಮಾತ್ರ ಸತ್ತವರಿಗೆ.

ಈ ನೆಲ ಯಾರದ್ದೂ ಅಲ್ಲ ಎಂಬ ವಾದವನ್ನು ಆಸ್ಟ್ರೇಲಿಯಾದ ಹೈಕೋರ್ಟ್ 1992ರ ಮಾಬೊ ತೀರ್ಪಿನಲ್ಲಿ ತಳ್ಳಿಹಾಕಿತು. ಮೂಲನಿವಾಸಿಗಳನ್ನು ದನದ ಫಾರಂಗಳಲ್ಲಿ ದುಡಿಸಿ, ಅವರ ಕೂಲಿಯನ್ನು ಹಿಡಿದಿಟ್ಟುಕೊಂಡ ಪ್ರಕರಣದಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ 2019ರಲ್ಲಿ 19 ಕೋಟಿ ಡಾಲರ್ ಕೊಡಲು ಒಪ್ಪಿತು. ನ್ಯಾಯಾಲಯ ಬಿಟ್ಟ ಸುಳ್ಳನ್ನು ಪ್ರವಾಸಿಯ ದಿನಚರಿ ಇನ್ನೂ ಬಿಟ್ಟಿಲ್ಲ.

ಪ್ರವಾಸಿಗರ ದುಡ್ಡಿನಿಂದಲೇ ಇಂಥ ಊರುಗಳ ಅಂಗಡಿ ನಡೆಯುತ್ತದೆ, ರಜೆಯಲ್ಲಿ ಬಂದವರಿಗೆ ಇತಿಹಾಸದ ಪಾಠ ಯಾಕೆ ಎಂದು ಕೇಳಬಹುದು. ದುಡ್ಡಿನ ಮಾತು ನಿಜ. ರಜೆಗೆ ಬಂದವರು ಸುಮ್ಮನೆ ಇದ್ದು ಹೋಗಲಿ, ನನ್ನ ತಕರಾರಿಲ್ಲ. ಆದರೆ ಬರೆಯಲು ಕುಳಿತ ಮೇಲೆ ಜವಾಬ್ದಾರಿ ಬೇರೆ. ಒಂದು ರಾತ್ರಿ ತಂಗಿದವರು 'ನಾನು ನೋಡಲಿಲ್ಲ' ಎನ್ನಬಹುದು. 'ಅಲ್ಲಿ ಇಲ್ಲ' ಎನ್ನುವ ಹಕ್ಕು ಅವರಿಗಿಲ್ಲ. ಒಣ ತಿಂಗಳಲ್ಲಿ ಬಂದು ಹೋಗುವವರು ಮಳೆಗಾಲವನ್ನೂ ಕಂಡಿರುವುದಿಲ್ಲ. ನೆರೆ ಬಂದು ರಸ್ತೆಗಳು ಮುಚ್ಚಿದಾಗ ಹಿಟ್ಟು, ಹಾಲು, ಔಷಧಿಗೆ ಲೆಕ್ಕ ಹಾಕಿ ಬದುಕುವವರು ಊರಿನವರು. 2023ರ ಮಾರ್ಚ್‌ನಲ್ಲಿ ಇದೇ ಸೀಮೆಯ ಬರ್ಕ್‌ಟೌನ್‌ನಿಂದ ಜನರನ್ನು ವಿಮಾನದಲ್ಲಿ ಸಾಗಿಸಬೇಕಾಯಿತು.

ವಾನ್ಯಿ ಜನಾಂಗದ ಲೇಖಕಿ ಅಲೆಕ್ಸಿಸ್ ರೈಟ್ ಅವರ 'ಕಾರ್ಪೆಂಟೇರಿಯಾ' (2006) ಇದೇ ಕೊಲ್ಲಿಯ ಒಂದು ಕಲ್ಪಿತ ಊರಿನ ಕಾದಂಬರಿ. 2007ರ ಮೈಲ್ಸ್ ಫ್ರಾಂಕ್ಲಿನ್ ಪ್ರಶಸ್ತಿ ಪಡೆಯಿತು. ನದಿ, ಹಾವು, ಗಣಿ, ಜಗಳ, ಚಂಡಮಾರುತ ಎಲ್ಲ ಸೇರಿ ಐನೂರು ಪುಟ ದಾಟುತ್ತದೆ. ಏನೂ ಇಲ್ಲದ ಊರಿಗೆ ಐನೂರು ಪುಟ!

ಆಸ್ಟ್ರೇಲಿಯಾದಲ್ಲಿ ನೆಲೆಸಿದ ಕನ್ನಡಿಗರೂ ಈಗ ಈ ದಾರಿಗಳ ಬಗ್ಗೆ ಬರೆಯಬಲ್ಲರು. ಅವರಲ್ಲಿ ನನ್ನ ಬೇಡಿಕೆ ಚಿಕ್ಕದು. ಮುಂದಿನ ಸಲ ಊರಿನ ಹೆಸರಿನ ಜೊತೆಗೆ ಆ ನೆಲ ಯಾರದೆಂದೂ ಬರೆಯಿರಿ. ಗೊತ್ತಿಲ್ಲದಿದ್ದರೆ ಹೊರಡುವ ಮುಂಚೆ ಅಲ್ಲಿಯವರನ್ನು ಕೇಳಿ.