ಕ್ಯಾಮರಾ ಆರಿಸಿದ ನಾಯಕರು

ಶರಾವತಿ ಹಿನ್ನೀರಿನಾಚೆಯ ಬ್ಯಾಕೋಡಿನಿಂದ ಸಾಗರದ ಕಾಲೇಜಿಗೆ ಹೋಗುವ ಮಕ್ಕಳ ದಿನಚರಿಯನ್ನು ದಶಕಗಳ ಕಾಲ ಲಾಂಚಿನ ವೇಳೆಯೇ ನಿರ್ಧರಿಸುತ್ತಿತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯಿತು. ಕಡೆಯ ಲಾಂಚು ತಪ್ಪೀತೆಂಬ ಅಂಜಿಕೆಯಿಲ್ಲದೆ ಇನ್ನು ಅವರೂ ಸಂಜೆಯ ವಿದ್ಯಾರ್ಥಿ ಸಭೆಗಳಲ್ಲಿ ಕೂರಬಹುದು, ಮುಂದಾಳುಗಳೂ ಆಗಬಹುದು. ಆದರೆ ಅವರನ್ನು ಆರಿಸುವವರು ಯಾರು?

ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಚುನಾವಣೆಗಳು 1989ರ ಸುಮಾರಿಗೆ ನಿಂತುಹೋದವು. ಮತಪೆಟ್ಟಿಗೆ ಇಲ್ಲದಲ್ಲಿ ಕ್ಯಾಮರಾವೇ ನಾಯಕರನ್ನು ಆರಿಸುತ್ತದೆ. ಹಾಗೆ ಆರಿಸಿದ ಕ್ಯಾಮರಾಕ್ಕೆ ಯಾವ ಹೊಣೆಯೂ ಇಲ್ಲ. 2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದದ ವೇಳೆ ಟಿ.ವಿ. ವರದಿಗಾರರು ವಿದ್ಯಾರ್ಥಿನಿಯರನ್ನು ಬೆನ್ನಟ್ಟಿದ್ದನ್ನು ನಾಡು ಕಂಡಿದೆ. ಅವರ ಕಲಿಕೆ ಏನಾಯಿತೆಂದು ಅನಂತರ ಕೇಳಲು ಹೋದವರೆಷ್ಟು ಮಂದಿ?

2006ರಲ್ಲಿ ಸುಪ್ರೀಂ ಕೋರ್ಟ್ ಜಾರಿಗೊಳಿಸಿದ ಲಿಂಗ್ಡೋ ಸಮಿತಿಯ ಶಿಫಾರಸಿನಂತೆ ಅಭ್ಯರ್ಥಿಗೆ ಕನಿಷ್ಠ ಶೇ. 75 ಹಾಜರಾತಿ ಇರಬೇಕು. ಯಾವ ವಿಷಯವೂ ಬಾಕಿ ಉಳಿದಿರಬಾರದು. ನಾಯಕತ್ವವು ತರಗತಿಯ ಬೆಂಚಿನಿಂದಲೇ ಮೂಡಬೇಕೆಂಬುದು ಇದರ ತಿರುಳು. ಈ ನಿಯಮಗಳಡಿ ಚುನಾವಣೆ ಮರಳಿ ಬರಲಿ ಎಂಬುದು ನಮ್ಮ ಆಗ್ರಹ. ವಿದ್ಯಾರ್ಥಿ ಮುಂದಾಳುಗಳಲ್ಲಿ ಒಂದು ಕೋರಿಕೆ: ಮೈಕು ಮುಂದೆ ಬಂದಾಗ ನ್ಯಾಯವನ್ನೇ ಆಡಿರಿ; ಮರುದಿನ ಹಾಜರಿ ಕರೆಯುವಾಗ ತರಗತಿಯಲ್ಲಿರಿ.