ಅಪ್ಪನ ಮಾತ್ರೆ, ಪಕ್ಕದ್ಮನೆ ಹುಡುಗಿಯ ಪಾಠ

ಕಳೆದ ತಿಂಗಳು ಊರಿಗೆ ಹೋದಾಗ ಅಪ್ಪನ ಬಿಪಿ ನೋಡಿಸಿದೆ. 170/100. "ಮಾತ್ರೆ ತಗೋತಿದ್ದೀರಾ ತಾನೇ?" ಅಂದೆ. "ತಲೆನೋವೇ ಇಲ್ವಲ್ಲಪ್ಪಾ, ಇನ್ಯಾಕೆ ಅಂತ ಬಿಟ್ಟೆ" ಅಂದ್ರು.

ಸಿಟ್ಟು ಬಂತು. ಫ್ಯಾಮಿಲಿ ಗ್ರೂಪಿಗೆ ವಾರಕ್ಕೆ ಮೂರು ಹೆಲ್ತ್ ವಿಡಿಯೊ ಹಾಕೋನು ನಾನೇ. ಅಪ್ಪ ಎಲ್ಲದಕ್ಕೂ ಥಂಬ್ಸ್ ಅಪ್ ಒತ್ತಿದ್ದಾರೆ. ನೋಡಿದ್ದು ಒಂದೂ ಇಲ್ಲ!

ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ ಬಂದ್ವಿ. ಚೀಟಿಯಲ್ಲಿ 1-0-1 ಅಂತ ಬರೆದಿದ್ರು. ಸಂಜೆ ಪಕ್ಕದ ಮನೆಯ ಪಿಯುಸಿ ಹುಡುಗಿ ಬಂದಳು. ಕಾಲೇಜಿನ ಎನ್‌ಎಸ್‌ಎಸ್‌ನಲ್ಲಿದ್ದಾಳೆ. ಚೀಟಿ ನೋಡಿ, ಮಾತ್ರೆ ಡಬ್ಬಿ ಮೇಲೆ ಸೂರ್ಯ, ಚಂದ್ರ ಬರೆದಳು. ಆಮೇಲೆ, "ದೊಡ್ಡಪ್ಪ, ಈಗ ನೀವು ನಂಗೆ ಹೇಳಿ" ಅಂದಳು.

"ಬೆಳಿಗ್ಗೆ ಒಂದು, ರಾತ್ರಿ ಒಂದು."

"ತಲೆನೋವು ಇಲ್ದೇ ಇದ್ರೆ?"

"ಬಿಡಬಹುದು... ಅಲ್ವಾ?"

ಡಾಕ್ಟರ ಮುಂದೆ ಎಲ್ಲದಕ್ಕೂ ತಲೆಯಾಡಿಸಿದ್ದ ಅಪ್ಪನಿಗೆ ಮುಖ್ಯ ವಿಷಯವೇ ಅರ್ಥವಾಗಿರಲಿಲ್ಲ. ಅವಳು ನಿಧಾನವಾಗಿ ವಿವರಿಸಿದಳು: ಬಿಪಿ ಜಾಸ್ತಿಯಿದ್ರೂ ಎಷ್ಟೋ ಜನಕ್ಕೆ ಏನೂ ಗೊತ್ತಾಗಲ್ಲ. ಮಾತ್ರೆಯಿಂದಲೇ ನಾರ್ಮಲ್ ಇರೋದು, ಬಿಟ್ರೆ ಮತ್ತೆ ಏರುತ್ತೆ. ಹೃದಯ, ಮೆದುಳು, ಕಿಡ್ನಿಗೆ ಒಳಗೊಳಗೇ ಪೆಟ್ಟು. ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು. ಆಮೇಲೆ ಅದನ್ನೂ ಅಪ್ಪನ ಬಾಯಲ್ಲೇ ಹೇಳಿಸಿದಳು.

ಹೀಗೆ ಕೇಳಿದವರಿಂದಲೇ ತಿರುಗಿ ಹೇಳಿಸೋ ವಿಧಾನಕ್ಕೆ ಆರೋಗ್ಯ ಕ್ಷೇತ್ರದಲ್ಲಿ 'ಟೀಚ್ ಬ್ಯಾಕ್' ಅಂತಾರೆ. ಖರ್ಚಿಲ್ಲ, ಆ್ಯಪ್ ಬೇಕಿಲ್ಲ. ಬೇಕಾಗಿದ್ದು ಎದುರಿಗೆ ಕೂರೋ ಹತ್ತು ನಿಮಿಷ. ನಾನು ಕೊಡದೇ ಇದ್ದದ್ದು ಅದನ್ನೇ.

ಆರೋಗ್ಯದ ಮಾತಿಗೆ ಹರೆಯದವರನ್ನು ಸೇರಿಸಿಕೊಳ್ಳೋದು ಹೊಸದೇನಲ್ಲ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹಳ್ಳಿಯ ಹುಡುಗ ಹುಡುಗಿಯರಿಗೇ ತರಬೇತಿ ಕೊಟ್ಟು, ತಮ್ಮ ಓರಗೆಯವರಿಗೆ ತಿಳಿಹೇಳಲು ಕಳಿಸ್ತಾರೆ. ಅವರು ಮನೆಯ ಹಿರಿಯರ ಜೊತೆಗೂ ಕೂತರೆ ಎಷ್ಟು ಚೆನ್ನ! ಔಷಧಿ ಹೇಳೋದು, ಡೋಸ್ ಬದಲಿಸೋದು ಅವರ ಕೆಲಸವಲ್ಲ. ಚೀಟಿ ಓದಿ ಹೇಳೋದು, ಅನುಮಾನ ಬಂದ್ರೆ ಆಶಾ ಕಾರ್ಯಕರ್ತೆ ಅಥವಾ ಡಾಕ್ಟರ ಹತ್ತಿರ ಕಳಿಸೋದು, ಅಷ್ಟು ಸಾಕು.

ಈ ಭಾನುವಾರ ಮನೆಗೆ ಫೋನ್ ಮಾಡಿದಾಗ "ಮಾತ್ರೆ ತಗೊಂಡ್ರಾ?" ಅಂತ ಕೇಳಬೇಡಿ. "ಯಾವ ಮಾತ್ರೆ, ಯಾಕೆ, ಯಾವಾಗ, ನಂಗೆ ಹೇಳಿ" ಅನ್ನಿ. ಉತ್ತರ ತಡವರಿಸಿದ್ರೆ, ಮುಂದಿನ ಸಲ ಊರಿಗೆ ಹೋದಾಗ ಏನು ಮಾಡಬೇಕು ಅಂತ ನಿಮಗೇ ಗೊತ್ತಾಗುತ್ತೆ.